ಹೆಬ್ಬೆರಳ ಬುಡದಲ್ಲಿ ಗಂಟು ಬಂದಿದೆಯೇ? ಬನಿಯನ್ ತೊಂದರೆ ಬಗ್ಗೆ ತಿಳಿಯಬೇಕಾದದ್ದು

ನಿಗಡಿ, ಆಕುರ್ಡಿ, ಚಿಖಲಿ, ತಳವಡೆ, ಭೋಸರಿ ಕಡೆ ಇರುವ ನಮ್ಮ ಕನ್ನಡ ಮನೆಗಳಿಗೆ ಈ ವಾರದ ಆರೋಗ್ಯ ಮಾಹಿತಿ. ಈ ಸಲ ನಾವು ಯಾರೂ ಅಷ್ಟಾಗಿ ನೋಡದ ಜಾಗ: ಪಾದ.

ಓದುವ ಮೊದಲು ಒಂದು ಕೆಲಸ ಮಾಡಿ. ಸಾಕ್ಸು ತೆಗೆದು, ಎರಡೂ ಪಾದ ಜೋಡಿಸಿ, ನೇರ ನಿಂತು ಕೆಳಗೆ ನೋಡಿ. ಎರಡು ಪಾದಗಳ ಹೆಬ್ಬೆರಳ ಬುಡಗಳು ಒಂದಕ್ಕೊಂದು ತಾಗುವಲ್ಲಿ ಉಬ್ಬಿದ ಗಂಟು ಕಾಣುತ್ತಿದೆಯೇ? ಹೆಬ್ಬೆರಳ ತುದಿ ಪಕ್ಕದ ಬೆರಳ ಕಡೆ ವಾಲಿದೆಯೇ? ಹಾಗಿದ್ದರೆ ಅದನ್ನು ಡಾಕ್ಟರು ಬನಿಯನ್ ಎನ್ನುತ್ತಾರೆ. ಅಂಗಿಯೊಳಗೆ ಹಾಕುವ ಬನಿಯನ್ ಅಲ್ಲ! ಇಂಗ್ಲಿಷಿನಲ್ಲಿ ಈ ಗಂಟಿಗೂ ಹೆಚ್ಚುಕಡಿಮೆ ಅದೇ ಉಚ್ಚಾರದ ಹೆಸರಿದೆ, ಅಷ್ಟೇ. ಚೀಟಿಯಲ್ಲಿ 'ಹ್ಯಾಲಕ್ಸ್ ವ್ಯಾಲ್ಗಸ್' ಎಂದು ಬರೆದಿದ್ದರೂ ಅದು ಇದೇ ತೊಂದರೆ. ಗಾಬರಿ ಬೇಡ.

ಇದು ಅಪರೂಪದ್ದಲ್ಲ. ಬೇರೆ ಬೇರೆ ದೇಶಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಹಾಕಿದ ಲೆಕ್ಕದಲ್ಲಿ 18ರಿಂದ 65 ವಯಸ್ಸಿನವರಲ್ಲಿ ಸುಮಾರು 23%, 65 ದಾಟಿದವರಲ್ಲಿ ಸುಮಾರು 36% ಜನರಿಗೆ ಈ ತೊಂದರೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ. ಆದರೆ ಕಂಪನಿಯಲ್ಲಿ ಲೈನ್ ಮೇಲೆ ಎಂಟು ಗಂಟೆ ನಿಲ್ಲುವವರಿಗೆ, ಒಂದು ಸೊಸೈಟಿಯಿಂದ ಇನ್ನೊಂದಕ್ಕೆ ಮನೆಗೆಲಸಕ್ಕೆ ಓಡುವ ಅಕ್ಕಂದಿರಿಗೆ, ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿ ಅಣ್ಣಂದಿರಿಗೆ ಕಾಲು ನೋವು ಅಂದರೆ ರಜೆ, ರಜೆ ಅಂದರೆ ಆ ದಿನದ ಪಗಾರ ಹೋಯಿತು. ಹಾಗಾಗಿ ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

*ಒಳಗೆ ಏನಾಗಿರುತ್ತದೆ?*

ಬಹಳ ಜನರ ನಂಬಿಕೆ, ಅಲ್ಲಿ ಹೊಸ ಎಲುಬು ಬೆಳೆದಿದೆ ಎಂದು. "ಕ್ಯಾಲ್ಸಿಯಂ ಜಾಸ್ತಿಯಾಗಿ ಎಲುಬು ಹೊರಗೆ ಬಂದಿದೆ" ಎಂದುಕೊಂಡು ಹಾಲು ಮೊಸರು ಬಿಟ್ಟವರೂ ಇದ್ದಾರೆ. ದಯವಿಟ್ಟು ಬಿಡಬೇಡಿ, ಎರಡಕ್ಕೂ ಸಂಬಂಧವಿಲ್ಲ.

ಹೆಬ್ಬೆರಳ ಹಿಂದೆ, ಪಾದದೊಳಗೆ ಒಂದು ಉದ್ದನೆಯ ಎಲುಬು ಇದೆ. ಅದು ನಿಧಾನವಾಗಿ ಇನ್ನೊಂದು ಪಾದದ ಕಡೆಗೆ ಸರಿಯುತ್ತದೆ. ಅದರ ಮುಂದಿನ ಹೆಬ್ಬೆರಳು ಉಲ್ಟಾ ದಿಕ್ಕಿಗೆ, ಎರಡನೇ ಬೆರಳ ಕಡೆಗೆ ವಾಲುತ್ತದೆ. ನಡುವಿನ ಕೀಲು ಹೊರಗೆ ಚಾಚುತ್ತದೆ. ಮೊಳಕೈ ಮಡಚಿದರೆ ಅಲ್ಲಿನ ಎಲುಬು ಮೊನೆಯಾಗಿ ಕಾಣುವುದಿಲ್ಲವೇ, ಹಾಗೆ. ಅಲ್ಲಿರುವುದು ಹಳೆಯ ಎಲುಬೇ, ಜಾಗ ಬದಲಾಗಿದೆ. ಚಪ್ಪಲಿ, ಬೂಟು ಉಜ್ಜಿ ಉಜ್ಜಿ ಅದರ ಮೇಲಿನ ಚರ್ಮ ದಪ್ಪವಾಗುತ್ತದೆ, ಚರ್ಮದಡಿಯ ನೀರಿನ ಚೀಲದಂಥ ಪದರ ಊದಿ ಕೆಂಪಾಗುತ್ತದೆ. ನೋವಿನ ದೊಡ್ಡ ಪಾಲು ಈ ಉಜ್ಜುವಿಕೆಯದ್ದು.

ಇನ್ನೊಂದು ಮುಖ್ಯ ಸಂಗತಿ ಇದೆ. ಹೆಬ್ಬೆರಳನ್ನು ಎಳೆಯುವ ಸ್ನಾಯುಗಳ ಹುರಿ ಎಲುಬಿನ ನೇರಕ್ಕೆ ಇರುವಾಗ ಬೆರಳು ನೇರ ಇರುತ್ತದೆ. ಎಲುಬು ಒಮ್ಮೆ ಸರಿದರೆ ಆ ಹುರಿ ಬಿಲ್ಲಿನ ಹೆದೆಯಂತೆ ಒಂದು ಪಕ್ಕಕ್ಕೆ ಬರುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ಅದು ಬೆರಳನ್ನು ಇನ್ನಷ್ಟು ವಾಲಿಸುತ್ತದೆ. ಅದಕ್ಕೇ ಈ ಗಂಟು ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಉಜ್ಜಿದರೂ, ಕಟ್ಟಿದರೂ, ಲೇಪ ಹಚ್ಚಿದರೂ ಕರಗುವುದಿಲ್ಲ, ಏಕೆಂದರೆ ಕರಗಲು ಅಲ್ಲಿ ಬೇರೆ ವಸ್ತುವೇ ಇಲ್ಲ.

ಹೆಬ್ಬೆರಳು ವಾಲಿದ ಮೇಲೆ ಮೈಭಾರ ಪಕ್ಕದ ಬೆರಳುಗಳ ಬುಡಕ್ಕೆ ಬೀಳುತ್ತದೆ. ಅಲ್ಲಿ ಅಂಗಾಲು ಗಟ್ಟಿಯಾಗಿ ಆಣಿ ಬರುತ್ತದೆ. ಎರಡನೇ ಬೆರಳು ಕೊಕ್ಕೆಯಂತೆ ಮಡಚಿಕೊಳ್ಳಬಹುದು, ಕೆಲವರಿಗೆ ಹೆಬ್ಬೆರಳ ಮೇಲೇ ಹತ್ತಿ ಕೂರುತ್ತದೆ. ನಮ್ಮ ಹೆಣ್ಣುಮಕ್ಕಳು ಗಮನಿಸಬೇಕಾದದ್ದು: ಕಾಲುಂಗುರ ಇರುವುದು ಇದೇ ಎರಡನೇ ಬೆರಳಿಗೆ. ಬೆರಳು ಊದಿ ಉಂಗುರ ಬಿಗಿಯಾಗುತ್ತಿದ್ದರೆ, ಸುತ್ತಲೂ ಗಾಯವಾಗುತ್ತಿದ್ದರೆ, ಸಡಿಲ ಮಾಡಿಸಿ ಅಥವಾ ಕೆಲ ದಿನ ತೆಗೆದಿಡಿ. ಅತ್ತೆಯವರಿಗೆ ಡಾಕ್ಟರು ಹೇಳಿದ್ದಾರೆ ಅನ್ನಿ, ಒಪ್ಪುತ್ತಾರೆ.

*ಯಾಕೆ ಬರುತ್ತದೆ?*

ಮೊದಲ ಕಾರಣ ಮನೆತನ. ಅವ್ವನಿಗೆ ಅಥವಾ ಅಜ್ಜಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಹೆಚ್ಚು. ಗಂಟೇ ನೇರವಾಗಿ ವಂಶದಲ್ಲಿ ಇಳಿಯುವುದಕ್ಕಿಂತ ಪಾದದ ಆಕಾರ, ಕೀಲುಗಳ ಸಡಿಲತನ ಇಳಿದು ಬರುತ್ತದೆ. ಚಪ್ಪಟೆ ಪಾದ ಇರುವವರಲ್ಲೂ, ಸಂಧಿವಾತ ಇರುವವರಲ್ಲೂ ಹೆಚ್ಚು ಕಾಣುತ್ತದೆ.

ಎರಡನೆಯದು ಕಾಲಿಗೆ ಹಾಕುವುದು. 1958ರಲ್ಲಿ ಹಾಂಗ್‌ಕಾಂಗ್‌ನ ಇಬ್ಬರು ಡಾಕ್ಟರು ಒಂದು ಸರಳ ಹೋಲಿಕೆ ಮಾಡಿದರು. ಒಂದು ಕಡೆ ಬೂಟು ಹಾಕುವ ಜನ, ಇನ್ನೊಂದು ಕಡೆ ಬರಿಗಾಲಲ್ಲೇ ಬದುಕು ಕಳೆದ ದೋಣಿಯ ಜನ. ಬೂಟು ಹಾಕುವವರಲ್ಲಿ 33% ಮಂದಿಗೆ ಹೆಬ್ಬೆರಳು ವಾಲಿತ್ತು, ಬರಿಗಾಲಿನವರಲ್ಲಿ 1.9% ಮಾತ್ರ. ಊರಲ್ಲಿ ಹೊಲ, ಅಂಗಳ ಎಂದು ಬರಿಗಾಲಲ್ಲಿ ತಿರುಗಿದ ಅಜ್ಜಿಯ ಬೆರಳುಗಳು ಬೀಸಣಿಗೆಯಂತೆ ಅಗಲವಾಗಿ ಹರಡಿರುವುದನ್ನು ನೀವೇ ನೋಡಿರುತ್ತೀರಿ. "ಬರಿಗಾಲಲ್ಲಿ ನಡೆದು ನಡೆದು ಎಲುಬು ಬಂತು" ಎಂಬ ಮಾತು ಹಾಗಾಗಿ ತಲೆಕೆಳಗು. ಆದರೆ ಕಾಲು ಸರಿಯಾಗಲೆಂದು ಚಪ್ಪಲಿ ಬಿಟ್ಟು ನಿಗಡಿಯ ರಸ್ತೆಯಲ್ಲಿ ನಡೆಯಿರಿ ಎಂದು ನಾನು ಹೇಳುವುದಿಲ್ಲ. ಗಾಜು, ಮೊಳೆ, ಕಂಪನಿ ಏರಿಯಾದ ಕಬ್ಬಿಣದ ಚೂರು ಎಲ್ಲ ಬಿದ್ದಿರುತ್ತವೆ. ಶುಗರ್ ಇದ್ದವರಂತೂ ಮನೆಯೊಳಗೂ ಬರಿಗಾಲು ಬೇಡ.

*ಎಲ್ಲ ಹೆಬ್ಬೆರಳ ನೋವೂ ಬನಿಯನ್ ಅಲ್ಲ*

ಇದೇ ಕೀಲಿಗೆ ಬೇರೆ ಕಾಯಿಲೆಗಳೂ ಬರುತ್ತವೆ. ರಾತ್ರಿ ಮಲಗುವಾಗ ಸರಿ ಇದ್ದು, ನಡುರಾತ್ರಿ ಹೆಬ್ಬೆರಳ ಬುಡ ಕೆಂಡದಂತೆ ಕೆಂಪಾಗಿ, ಹೊದಿಕೆ ತಾಗಿದರೂ ಜೀವ ಹೋಗುವ ಹಾಗೆ ನೋವಾದರೆ ಅದು ಗೌಟ್ ಇರಬಹುದು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾದಾಗ ಬರುವ ತೊಂದರೆ ಅದು, ಅದಕ್ಕೆ ಬೇರೆ ಔಷಧಿ. ಬನಿಯನ್ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಒಂದು ರಾತ್ರಿಯಲ್ಲಿ ಬರುವುದಿಲ್ಲ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಕೀಲುಗಳೂ ಬಿಗಿದು, ಸಡಿಲವಾಗಲು ಬಹಳ ಹೊತ್ತು ಹಿಡಿದರೆ ಸಂಧಿವಾತದ ಪರೀಕ್ಷೆ ಆಗಬೇಕು. ಕೆಂಪು, ಬಿಸಿ, ಜ್ವರ, ಕೀವು ಇದ್ದರೆ ಸೋಂಕು. ಅಂದೇ ದವಾಖಾನೆಗೆ ಹೋಗಬೇಕು, ಭಾನುವಾರದವರೆಗೆ ಕಾಯುವ ವಿಷಯವಲ್ಲ.

*ಚಪ್ಪಲಿ, ಬೂಟು: ಅರ್ಧ ಚಿಕಿತ್ಸೆ ಇಲ್ಲೇ ಇದೆ*

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುವುದು ಇದು.

ಸಂಜೆ ಕೆಲಸ ಮುಗಿಸಿ ಬಂದ ಮೇಲೆ, ಕಾಲು ಸ್ವಲ್ಪ ಊದಿರುವ ಹೊತ್ತಿನಲ್ಲಿ, ಒಂದು ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮಕ್ಕಳ ಕೈಲಿ ಎಳೆಸಿದರೆ ಚೆನ್ನ, ನೀವೇ ಬಗ್ಗಿದರೆ ಪಾದದ ಮೇಲಿನ ಭಾರ ಬದಲಾಗುತ್ತದೆ. ಈಗ ನೀವು ದಿನಾ ಹಾಕುವ ಬೂಟನ್ನು ಆ ಚಿತ್ರದ ಮೇಲೆ ಇಡಿ. ಬೂಟಿನ ಆಚೆ ಈಚೆ ಪೆನ್ಸಿಲ್ ಗೆರೆ ಕಾಣುತ್ತಿದ್ದರೆ ಅಷ್ಟೂ ಪಾದವನ್ನು ನೀವು ದಿನಾ ಒಳಗೆ ತುರುಕುತ್ತಿದ್ದೀರಿ ಎಂದರ್ಥ. ಅಂಗಡಿಗೆ ಹೋಗುವಾಗ ಈ ಕಾಗದ ಕಿಸೆಯಲ್ಲಿರಲಿ.

ತಪ್ಪು ನಿಮ್ಮ ಕಾಲಿನದ್ದಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮವರ ಪಾದ ಅಗಲ ಎಂದು ಅದರಲ್ಲಿ ಕಂಡುಬಂತು. ನಾವು ಕೊಳ್ಳುವ ನಂಬರುಗಳು ಅವರ ಅಳತೆಯವು. ನಮಗಾಗಿಯೇ 'ಭಾ' ಎಂಬ ಹೊಸ ಅಳತೆ ಕ್ರಮವನ್ನೂ ಸೂಚಿಸಿದ್ದಾರೆ. ಅಂಗಡಿಯ ಅಣ್ಣ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ತಗೊಳ್ಳಿ" ಎಂದರೆ ತಗೊಳ್ಳಬೇಡಿ. ಸಡಿಲವಾಗುವಷ್ಟರಲ್ಲಿ ನಿಮ್ಮ ಕೀಲಿಗೆ ಪೆಟ್ಟು ಬಿದ್ದಿರುತ್ತದೆ.

ಅಗಲ ಸಾಲದು ಎಂದು ಎರಡು ನಂಬರು ದೊಡ್ಡದು ಕೊಳ್ಳುವುದೂ ಸರಿಯಲ್ಲ. ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ, ಪಾದ ಮುಂದಕ್ಕೆ ಸರಿದು ಮತ್ತೆ ಅಲ್ಲೇ ಒತ್ತುತ್ತದೆ. ಮುಂಭಾಗ ಗುಂಡಗೆ ಅಗಲವಾಗಿರಬೇಕು, ಎಲ್ಲಕ್ಕಿಂತ ಉದ್ದದ ಬೆರಳ ಮುಂದೆ ಒಂದು ಸೆಂಟಿಮೀಟರ್ ಜಾಗ ಇರಬೇಕು, ಹಿಮ್ಮಡಿ ಎತ್ತರ ಒಂದೂವರೆ ಇಂಚು ದಾಟಬಾರದು, ಗಂಟಿನ ಮೇಲೆ ಹೊಲಿಗೆ ಬರಬಾರದು. ಲೇಸ್ ಇರುವ ಬೂಟಾದರೆ ಬೆರಳ ಕಡೆಯ ಮೊದಲ ಎರಡು ತೂತು ಬಿಟ್ಟು ಲೇಸ್ ಹಾಕಿ ನೋಡಿ. ದುಡ್ಡಿಲ್ಲದ ಉಪಾಯ, ತುಂಬ ಜನಕ್ಕೆ ಅಷ್ಟರಿಂದಲೇ ಹಾಯೆನಿಸುತ್ತದೆ. ಮದುವೆಗೆ ಎರಡು ತಾಸು ಹೀಲ್ಸ್ ಹಾಕಿದರೆ ಏನೂ ಆಗುವುದಿಲ್ಲ, ದಿನಾ ಆಫೀಸಿಗೆ ಹಾಕುವುದು ಬೇರೆ ಮಾತು.

ಕಂಪನಿಯ ಸೇಫ್ಟಿ ಬೂಟಿನ ಕಥೆ ಸ್ವಲ್ಪ ಕಷ್ಟದ್ದು. ಮುಂದಿನ ಸ್ಟೀಲ್ ಟೋಪಿ ಎಷ್ಟು ವರ್ಷ ಹಾಕಿದರೂ ಹಿಗ್ಗುವುದಿಲ್ಲ. ಅದರ ಅಂಚು ಗಂಟಿನ ಮೇಲೇ ಕೂತರೆ ಶಿಫ್ಟ್ ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ಕೆಲವರು ಪಕ್ಕದಲ್ಲಿ ಬ್ಲೇಡಿನಿಂದ ತೂತು ಕೊಯ್ಯುತ್ತಾರೆ. ಹಳೆಯ ಮನೆಯ ಬೂಟಿಗೆ ಅದು ನಡೆದೀತು, ಸೇಫ್ಟಿ ಬೂಟಿಗೆ ಬೇಡವೇ ಬೇಡ. ಬೂಟು ಕೊಡುವ ದಿನ ಸುಮ್ಮನೆ ನಂಬರು ಹೇಳಿ ತೆಗೆದುಕೊಳ್ಳದೆ, ಸಾಕ್ಸ್ ಹಾಕಿ ನಿಂತು ನೋಡಿ, ಸ್ಟೋರಿನಲ್ಲಿ ಅಥವಾ ಸೇಫ್ಟಿ ಆಫೀಸರರ ಹತ್ತಿರ ಅಗಲದ ಮಾದರಿ ಕೇಳಿ. ಗುತ್ತಿಗೆ ಕೆಲಸದವರಿಗೆ ಕೇಳಲು ಹಿಂಜರಿಕೆ ಇರುತ್ತದೆ, ಗೊತ್ತು. ಡಾಕ್ಟರರ ಒಂದು ಚೀಟಿ ಕೈಲಿದ್ದರೆ ಕೇಳುವುದು ಸುಲಭ. ನೀವೇ ಕೊಳ್ಳುವುದಾದರೆ ಐಎಸ್ 15298 ಮುದ್ರೆ ನೋಡಿ ಕೊಳ್ಳಿ.

ಕೊಲ್ಹಾಪುರಿ ಚಪ್ಪಲಿ ಒಳ್ಳೆಯದೇ ಎಂದು ಹಲವರು ಕೇಳುತ್ತಾರೆ. ಹೆಸರು ಕೊಲ್ಹಾಪುರದ್ದಾದರೂ ಅದು ಅಥಣಿ, ನಿಪ್ಪಾಣಿಯ ಚಪ್ಪಲಿಯೂ ಹೌದು. ಅದರ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿವೆ. ಮುಂಭಾಗ ತೆರೆದಿರುವುದರಿಂದ ಬೆರಳು ಹಿಂಡುವುದಿಲ್ಲ, ಇದು ಅದರ ಗುಣ. ಆದರೆ ಹೆಬ್ಬೆರಳಿಗೆ ಸಿಕ್ಕಿಸುವ ಉಂಗುರ ವಾಲಿದ ಬೆರಳನ್ನು ಉಜ್ಜುತ್ತದೆ, ಅಟ್ಟೆ ಗಟ್ಟಿ, ಅಂಗಾಲಿಗೆ ಮೆತ್ತೆ ಇರುವುದಿಲ್ಲ. ಗಂಟು ನೋಯದವರು ಧಾರಾಳವಾಗಿ ಹಾಕಿ. ನೋಯುವವರಿಗೆ ಅಗಲ ಪಟ್ಟಿಯ, ಮೆತ್ತನೆ ಅಟ್ಟೆಯ, ಹಿಂದೆ ಬೆಲ್ಟ್ ಇರುವ ಚಪ್ಪಲಿ ವಾಸಿ. ಹವಾಯಿ ಚಪ್ಪಲಿ ಜಾರದಂತೆ ನಾವು ಗೊತ್ತಿಲ್ಲದೆಯೇ ಬೆರಳು ಬಿಗಿಹಿಡಿದು ನಡೆಯುತ್ತೇವೆ, ದಿನವಿಡೀ ಅದು ಬೇಡ.

ಆಷಾಢ ಏಕಾದಶಿಗೆ ತುಕಾರಾಮ ಮಹಾರಾಜರ ಪಾಲ್ಕಿ ದೇಹೂದಿಂದ ಹೊರಟು ನಮ್ಮ ನಿಗಡಿಯ ಭಕ್ತಿ-ಶಕ್ತಿ ಚೌಕದ ಮೇಲೆಯೇ ಹೋಗುತ್ತದೆ. ಪಂಢರಪುರದವರೆಗೆ ನಡೆಯುವ ಆಸೆ ಇರುವವರು ವಾರಿಗೆಂದು ಹಿಂದಿನ ದಿನ ಹೊಸ ಬೂಟು ಕೊಳ್ಳಬೇಡಿ. ಒಂದು ತಿಂಗಳು ಮೊದಲೇ ಕೊಂಡು ದಿನಾ ಸ್ವಲ್ಪ ಸ್ವಲ್ಪ ನಡೆದು ಪಳಗಿಸಿ. ಮಳೆಯಲ್ಲಿ ಒದ್ದೆಯಾದ ಸಾಕ್ಸು ಬದಲಿಸುತ್ತಿರಿ.

*ಮನೆಯಲ್ಲಿ ಏನು ಮಾಡಬಹುದು?*

ನೋವು ಹೆಚ್ಚಾದ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ, ಕಾಲು ಎತ್ತರದಲ್ಲಿಟ್ಟು ಕೂತುಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಮೆತ್ತೆ ಗಂಟಿನ ಮೇಲಿನ ಉಜ್ಜುವಿಕೆ ತಡೆಯುತ್ತದೆ. ಬೆರಳುಗಳ ನಡುವೆ ಇಡುವ ಸಿಲಿಕಾನ್ ತುಂಡೂ ಕೆಲವರಿಗೆ ಹಿತ. ಬೂಟು ಮೊದಲೇ ಬಿಗಿ ಇದ್ದರೆ ಇವು ಇನ್ನಷ್ಟು ಒತ್ತುತ್ತವೆ, ಆದ್ದರಿಂದ ಮೊದಲು ಬೂಟು, ಆಮೇಲೆ ಮೆತ್ತೆ.

ಈಗ ಮೊಬೈಲಿನಲ್ಲಿ ದಿನಾ ಬರುವ ಜಾಹೀರಾತಿನ ವಿಷಯ: "ಈ ಪಟ್ಟಿ ರಾತ್ರಿ ಕಟ್ಟಿ ಮಲಗಿ, ಮೂವತ್ತು ದಿನದಲ್ಲಿ ಬೆರಳು ನೇರ." ಕಟ್ಟಿಕೊಂಡಾಗ ಬೆರಳು ನೇರ ಕಾಣುತ್ತದೆ, ಬಿಚ್ಚಿ ನಡೆದಾಗ ಮೊದಲಿನಂತೆ ಆಗುತ್ತದೆ. ಬೆಳೆದವರ ಸರಿದ ಎಲುಬನ್ನು ಪಟ್ಟಿ ಕಾಯಂ ಆಗಿ ಹಿಂದಕ್ಕೆ ತರುವುದಿಲ್ಲ. ಕೆಲವರಿಗೆ ಬಿಗಿತ ಕಡಿಮೆಯಾಗಿ ಆರಾಮ ಎನಿಸಬಹುದು, ಅಷ್ಟಕ್ಕೆ ಬೇಕಿದ್ದರೆ ಕೊಳ್ಳಿ. ನೇರವಾಗುತ್ತದೆ ಎಂದು ಕೊಂಡರೆ ದುಡ್ಡು ದಂಡ.

ವ್ಯಾಯಾಮವೂ ಹಾಗೆಯೇ. ಬೆರಳುಗಳನ್ನು ಬೀಸಣಿಗೆಯಂತೆ ಹರಡಿ ಐದು ಎಣಿಸುವುದು, ನೆಲದ ಮೇಲಿನ ಟವೆಲನ್ನು ಬೆರಳಿನಿಂದ ಹತ್ತಿರ ಎಳೆದುಕೊಳ್ಳುವುದು, ಕೈಯಿಂದ ಹೆಬ್ಬೆರಳನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುವುದು. ಕೀಲು ಬಿಗಿಯದಂತೆ, ಪಾದದ ಸ್ನಾಯು ಗಟ್ಟಿಯಾಗುವಂತೆ ಇವು ಸಹಾಯ ಮಾಡುತ್ತವೆ. ಗಂಟು ಮಾಯವಾಗಲಿ ಎಂದು ಮಾಡಬೇಡಿ, ನಡೆಯಲು ಹಗುರವಾಗಲಿ ಎಂದು ಮಾಡಿ. ನೋವಿನ ಮಾತ್ರೆಯನ್ನು ಮೆಡಿಕಲ್‌ನವರನ್ನು ಕೇಳಿ ವಾರಗಟ್ಟಲೆ ನುಂಗಬೇಡಿ. ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರಿಗೆ ಅದರಿಂದ ದೊಡ್ಡ ಅಪಾಯ.

*ಶುಗರ್ ಇದ್ದವರು ಇದನ್ನು ಎರಡು ಸಲ ಓದಿ*

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಮಂಕಾಗುತ್ತದೆ. ಗಂಟಿನ ಮೇಲೆ ಬೂಟು ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ನೋವಿಲ್ಲ ಎಂದು ಖುಷಿಪಡುವ ಹಾಗಿಲ್ಲ, ನೋವಿಲ್ಲದಿರುವುದೇ ಅಪಾಯ. ಅದೇ ಗಾಯ ಹುಣ್ಣಾಗಿ, ಸೋಂಕಾಗಿ, ಬೆರಳು ತೆಗೆಯುವವರೆಗೂ ಹೋಗುತ್ತದೆ. ದಿನಾ ರಾತ್ರಿ ಪಾದ ನೋಡಿಕೊಳ್ಳಿ, ಬಗ್ಗಲು ಆಗದಿದ್ದರೆ ಕನ್ನಡಿ ಇಟ್ಟು ನೋಡಿ ಅಥವಾ ಮನೆಯವರಿಗೆ ತೋರಿಸಿ. ಬೂಟು ಹಾಕುವ ಮೊದಲು ಕೊಡವಿ, ಒಳಗೆ ಕೈ ಹಾಕಿ ನೋಡಿ. ಆಣಿಗೆ ಹಚ್ಚುವ ಪಟ್ಟಿ, ಔಷಧಿಯಲ್ಲಿ ಚರ್ಮ ಸುಡುವ ಆಸಿಡ್ ಇರುತ್ತದೆ, ಅದು ನಿಮಗೆ ಬೇಡ. ಬ್ಲೇಡಿನಿಂದ ಆಣಿ ಕೊಯ್ಯುವುದು, ಬಿಸಿ ನೀರಿನಲ್ಲಿ ಕಾಲು ಮುಳುಗಿಸುವುದು ಎರಡೂ ಬೇಡ. ಸಣ್ಣ ಗಾಯವಾದರೂ ತೋರಿಸಿ.

*ಡಾಕ್ಟರ ಹತ್ತಿರ ಯಾವಾಗ, ಎಲ್ಲಿ?*

ಅಗಲದ ಬೂಟು ಹಾಕಿ ಎರಡು ಮೂರು ತಿಂಗಳಾದರೂ ನೋವು ಕಡಿಮೆಯಾಗದಿದ್ದರೆ, ಎರಡನೇ ಬೆರಳು ಮಡಚುತ್ತಿದ್ದರೆ, ನೋವಿನಿಂದ ಕೆಲಸ ತಪ್ಪುತ್ತಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ. ನಮ್ಮ ಭಾಗದಲ್ಲಿ ಪಿಂಪ್ರಿಯ ಸಂತ ತುಕಾರಾಮ ನಗರದಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವ್ಹಾಣ ಸ್ಮಾರಕ ಆಸ್ಪತ್ರೆ ಇದೆ, ಜನ ವೈಸಿಎಂ ಎನ್ನುತ್ತಾರೆ. ಪಗಾರದಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದರೆ ಆ ಕಾರ್ಡ್ ಮನೆಯಲ್ಲಿಟ್ಟು ಖಾಸಗಿ ದವಾಖಾನೆಗೆ ದುಡ್ಡು ಸುರಿಯಬೇಡಿ, ಮೊದಲು ನಿಮ್ಮ ಇಎಸ್‌ಐ ದವಾಖಾನೆಯಲ್ಲಿ ತೋರಿಸಿ.

ಊರಿಂದ ಹೊಸದಾಗಿ ಬಂದವರಿಗೆ ಮರಾಠಿಯಲ್ಲಿ ಹೇಳಲು ಬರದಿದ್ದರೆ ಇಷ್ಟು ಸಾಕು: "ಪಾಯಾಚ್ಯಾ ಅಂಗಠ್ಯಾಜವಳಚಾ ಸಾಂಧಾ ದುಖತೋ", ಕಾಲಿನ ಹೆಬ್ಬೆರಳ ಹತ್ತಿರದ ಕೀಲು ನೋಯುತ್ತದೆ. "ಬೂಟ ಘಾತಲಾ ಕೀ ಜಾಸ್ತ ದುಖತೋ", ಬೂಟು ಹಾಕಿದರೆ ಹೆಚ್ಚು ನೋವು. ಶುಗರ್ ಇದ್ದರೆ "ಮಲಾ ಶುಗರ ಆಹೇ" ಎಂದು ಮರೆಯದೆ ಹೇಳಿ. ದಿನಾ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ, ಡಾಕ್ಟರರು ಅದನ್ನೂ ನೋಡಬೇಕು.

ಎಕ್ಸ್‌ರೇ ಬರೆದರೆ ನಿಂತುಕೊಂಡು ತೆಗೆಸಬೇಕೇ ಎಂದು ಕೇಳಿ. ಮಲಗಿ ತೆಗೆದರೆ ಪಾದದ ಮೇಲೆ ಭಾರ ಇರುವುದಿಲ್ಲ, ಬೆರಳು ನಿಜವಾಗಿ ಎಷ್ಟು ವಾಲಿದೆ ಎಂದು ಸರಿಯಾಗಿ ಕಾಣುವುದಿಲ್ಲ. ವಾಲಿದ ಕೋನ 15 ಡಿಗ್ರಿಯೊಳಗಿದ್ದರೆ ಸಹಜ, 40 ದಾಟಿದರೆ ತೀವ್ರ. ಆದರೆ ಡಿಗ್ರಿ ನೋಡಿ ಹೆದರಬೇಡಿ. ನೋವು ಎಷ್ಟಿದೆ ಎಂಬುದೇ ಮುಖ್ಯ.

*ಆಪರೇಷನ್ ಬೇಕೇ?*

ನೋವಿದ್ದರೆ, ಬೇರೆ ಉಪಾಯ ನಡೆಯದಿದ್ದರೆ, ಬೇಕಾಗಬಹುದು. ಕಾಲು ಚಂದ ಕಾಣಲಿ ಎಂದು ಮಾತ್ರ ಬೇಡ. ಮಗಳ ಮದುವೆಗೆ ಮೊದಲು ಗಂಟು ತೆಗೆಸೋಣ ಎಂಬ ಯೋಚನೆ ಇದ್ದರೆ, ಆಕೆಗೆ ನೋವಿಲ್ಲದಿದ್ದರೆ, ಬಿಟ್ಟುಬಿಡಿ.

ಎಲುಬನ್ನು ಕೊಯ್ದು, ಸರಿಯಾದ ಜಾಗಕ್ಕೆ ಸರಿಸಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ವಿಧಾನಗಳು ನೂರಕ್ಕೂ ಹೆಚ್ಚು ಇವೆ, ನಿಮಗೆ ಯಾವುದು ಎಂದು ಸರ್ಜನ್ ನಿರ್ಧರಿಸುತ್ತಾರೆ. ಗಂಟನ್ನಷ್ಟೇ ಕೆತ್ತಿ ತೆಗೆದರೆ ಬೆರಳು ವಾಲಿದ್ದು ಹಾಗೇ ಉಳಿಯುತ್ತದೆ, ಗಂಟು ಮತ್ತೆ ಕಾಣಿಸಿಕೊಳ್ಳಬಹುದು. ಫಿನ್‌ಲೆಂಡ್‌ನಲ್ಲಿ 209 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2001ರಲ್ಲಿ ಬಂತು. ಬೂಟಿನೊಳಗೆ ವಿಶೇಷ ಅಟ್ಟೆ ಹಾಕಿದವರಿಗೆ ಆರು ತಿಂಗಳವರೆಗೆ ಆರಾಮ ಸಿಕ್ಕಿತು, ವರ್ಷದ ಕೊನೆಗೆ ಆಪರೇಷನ್ ಆದವರೇ ಹೆಚ್ಚು ಸುಖವಾಗಿದ್ದರು. ಅಂದರೆ ನಿಜವಾಗಿ ಬೇಕಾದವರಿಗೆ ಅದು ಒಳ್ಳೆಯ ದಾರಿಯೇ.

ಆದರೆ ಲೆಕ್ಕ ಹಾಕಿ ಹೋಗಿ. ಸುಮಾರು ಆರು ವಾರ ವಿಶೇಷ ಚಪ್ಪಲಿ ಹಾಕಿ ಹಿಮ್ಮಡಿ ಮೇಲೆ ಭಾರ ಹಾಕಿ ನಡೆಯಬೇಕು. ಕೂತು ಮಾಡುವ ಕೆಲಸಕ್ಕೆ ಬೇಗ ಹೋಗಬಹುದು, ನಿಂತು ಮಾಡುವ ಕೆಲಸಕ್ಕೆ ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ಊತ ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷ. ಆ ದಿನಗಳಲ್ಲಿ ನೀರು ತುಂಬುವವರು ಯಾರು, ಮೂರನೇ ಮಹಡಿ ಹತ್ತುವುದು ಹೇಗೆ, ಊರಿಂದ ಅವ್ವ ಅಥವಾ ತಂಗಿ ಬರಲು ಆಗುತ್ತದೆಯೇ ಎಂದು ಮೊದಲೇ ಯೋಚಿಸಿ. ಸೋಂಕು, ಮರಗಟ್ಟುವಿಕೆ, ಕೀಲು ಬಿಗಿಯುವುದು, ಕೆಲವರಿಗೆ ಬೆರಳು ಮತ್ತೆ ವಾಲುವುದು, ಇವೂ ಇವೆ. ಬೀಡಿ, ಸಿಗರೇಟು ಸೇದುವವರಿಗೆ ಎಲುಬು ಕೂಡುವುದು ತಡ.

ಪುಸ್ತಕಗಳಲ್ಲಿ ಅಷ್ಟಾಗಿ ಬರೆಯದ ಒಂದು ಪ್ರಶ್ನೆ ನಾವು ಕೇಳಲೇಬೇಕು: "ಆಪರೇಷನ್ ಆದ ಮೇಲೆ ಹೆಬ್ಬೆರಳು ಎಷ್ಟು ಮಡಚುತ್ತದೆ?" ನಮ್ಮಲ್ಲಿ ಎಷ್ಟೋ ಜನ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುತ್ತಾರೆ, ನೆಲ ಒರೆಸುತ್ತಾರೆ, ನಮಾಜಿನಲ್ಲಿ ಬೆರಳು ಮಡಚಿ ಕೂರುತ್ತಾರೆ. ಕೀಲು ಬಹಳ ಸವೆದಿದ್ದರೆ ಅದನ್ನು ಕಾಯಂ ಬೆಸೆದುಬಿಡುವ ವಿಧಾನವೂ ಇದೆ. ನೋವು ಹೋಗುತ್ತದೆ, ಆದರೆ ಆ ಕೀಲು ಮತ್ತೆ ಮಡಚುವುದಿಲ್ಲ. ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಹೊತ್ತು ಹೇಗೆ ಕೂರುತ್ತೀರಿ ಎಂದು ಸರ್ಜನ್‌ಗೆ ಮೊದಲೇ ಬಿಡಿಸಿ ಹೇಳಿ.

*ಮಕ್ಕಳ ಕಾಲು*

ನಿಮಗೆ ಗಂಟಿದ್ದರೆ ಮಗಳ ಪಾದವನ್ನೂ ಒಮ್ಮೆ ನೋಡಿ. ಹತ್ತು ಹನ್ನೆರಡರ ಹೊತ್ತಿಗೇ ಕೆಲವರಲ್ಲಿ ಶುರುವಾಗುತ್ತದೆ. ಎಲುಬಿನ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಆಪರೇಷನ್ ಮಾಡುವುದಿಲ್ಲ, ಕಾಯುತ್ತಾರೆ. ನಮ್ಮ ಕೈಲಿರುವುದು ಶಾಲೆಯ ಬೂಟು. ಜೂನ್‌ನಲ್ಲಿ ಕೊಂಡದ್ದು ದೀಪಾವಳಿ ರಜೆಗೆ ಚಿಕ್ಕದಾಗಿರುತ್ತದೆ, ಮಕ್ಕಳು ಹೇಳುವುದಿಲ್ಲ, ಹಿಮ್ಮಡಿ ತುಳಿದು ಹಾಕಿಕೊಂಡು ಹೋಗುತ್ತಾರೆ. ಮೂರು ತಿಂಗಳಿಗೊಮ್ಮೆ ಅದೇ ಕಾಗದ ಪೆನ್ಸಿಲ್ ತೆಗೆದು ಗೆರೆ ಎಳೆದು ನೋಡಿ. ಅಕ್ಕನ ಬೂಟನ್ನು ತಂಗಿಗೆ ಹಾಕುವುದು ನಮ್ಮ ಮನೆಗಳಲ್ಲಿ ತಪ್ಪದ ಮಾತು. ಹಾಕುವ ಮೊದಲು ಒಳಗಿನ ಅಟ್ಟೆ ಅಕ್ಕನ ಕಾಲಿನ ಆಕಾರಕ್ಕೆ ಗುಳಿ ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಅದೊಂದನ್ನು ಮಾತ್ರ ಬದಲಿಸದೆ ಬೂಟನ್ನೇ ಬದಲಿಸಿ.